ಕಂಠಿ ಮಾಸ್ತರರು ಕೊಟ್ಟ ತಾರೀಖು

ಗುಳೇದಗುಡ್ಡದ ನಂಬರ್ ನಾಲ್ಕು ಸಾಲೆಯಲ್ಲಿ
ಇಪ್ಪತ್ತೊಂಬತ್ತು ವರ್ಷ
ಕರಿಹಲಗೆಯ ಬಲಮೂಲೆಗೆ "ಇಂದಿನ ದಿನ" ಬರೆದವಳು ನಾನು,
ಅಕ್ಷರ ದುಂಡಗಿವೆ ಎಂಬ ಒಂದೇ ಕಾರಣಕ್ಕೆ.
ಇಂದು ಇಂಥ ಕೋಟೆ ಬಿತ್ತು.
ಇಂದು ಯಾವನೋ ಸಮುದ್ರ ದಾಟಿದ.
ಇಂದು ಒಬ್ಬ ರಾಜ ಹುಟ್ಟಿದ, ಅದೇ ದಿನ, ಇನ್ನೂರು ವರ್ಷದ ಮೇಲೆ,
ಸೂಜಿಮದ್ದು ಕಂಡುಹಿಡಿದವನೊಬ್ಬ ಸತ್ತ.
ಮೂರೇ ಸಾಲು. ನಾಲ್ಕನೆಯದಕ್ಕೆ ಜಾಗವಿಲ್ಲ,
ಅಲ್ಲಿ ಹಾಜರಿ: ಗಂಡು ಹದಿನಾರು, ಹೆಣ್ಣು ಇಪ್ಪತ್ತೆರಡು.

ಜೂನ್ ಒಂದಕ್ಕೆ ಪುಸ್ತಕ ತೆಗೆಯಬೇಕಾಗಿರಲಿಲ್ಲ.
ಕೇರಳಕ್ಕೆ ಮಳೆ ಬರುವ ದಿನ, ಬಂದರೂ ಬರದಿದ್ದರೂ.
ವಿಶ್ವ ಹಾಲು ದಿನ.
ನನ್ನ ಹುಟ್ಟಿದ ದಿನ.
ಮುರನಾಳದ ಮೊನ್ನವ್ವ ಟೀಚರದ್ದೂ ಅದೇ,
ಗಣಿತದ ರಜಾಕಸಾಬರದ್ದೂ, ಬಿಸಿಯೂಟದ ಸಂಗವ್ವನದೂ,
ಗಂಟೆ ಬಾರಿಸುವ ಹುಚ್ಚಪ್ಪನದೂ.
ಒಂದೇ ಬೆಳಗ್ಗೆ ಅರ್ಧ ಊರು ಹೆತ್ತು ಹಗುರಾಯಿತು
ಎನ್ನುತ್ತದೆ ದಾಖಲಾತಿ ಪುಸ್ತಕ.

ಹೆತ್ತವರು ಕಂಠಿ ಮಾಸ್ತರರು.
ಮೇಜಿನ ಮುಂದೆ ನಿಲ್ಲಿಸಿ,
"ಬಲಗೈ ತಲಿ ಮ್ಯಾಲಿಂದ ಹಾಕು, ಎಡಕಿವಿ ಮುಟ್ಟು" ಅಂದರು.
ನಾನು ಕುತ್ತಿಗೆ ಸ್ವಲ್ಪ ಬಾಗಿಸಿ ಮುಟ್ಟಿದೆ.
ಮೋಸವೇ. ಅವರೂ ನೋಡಿದರು.
ಸಾಯಿ ಅದ್ದಿ ನನ್ನನ್ನು ಬರೆದುಕೊಂಡರು.

ಕೆಲಸ ಸಿಕ್ಕ ವರ್ಷ ಅವ್ವನನ್ನು ಕೇಳಿದೆ:
ಖರೆ ಯಾವತ್ತು?
ಅವಳು ಕಂಡಿಕೆ ಸುತ್ತುತ್ತಿದ್ದಳು, ರಾಟೆ ನಿಲ್ಲಿಸಲಿಲ್ಲ.
"ನಮ್ಮ ಓಣಿಗೆ ಲೈಟ್ ಬಂದ ದಿನಾ, ತಂಗಿ.
ನಿಮ್ಮಪ್ಪ ಮಗ್ಗದ ಕುಣ್ಯಾಗ ಕುಂತಿದ್ದ, ಖಣ ಇನ್ನ ಅರ್ಧ ಇತ್ತು.
ನಾ ಒಳಗ ಒದರಾಕತ್ತಿದ್ದೆ,
ಹೊರಗ ಮಂದಿ ಹೋ ಅಂತ ಒದರಿತು.
ಸೂಲಗಿತ್ತಿ ದುರಗವ್ವ ಕಂದೀಲ ನನ್ನ ಕಾಲಾಗ ಇಟ್ಟು
ಲೈಟ್ ನೋಡಾಕ ಬಾಗಲಕ್ಕ ಹ್ವಾದಳು.
ತಿರುಗಿ ಬರೂದ್ರಾಗ ನೀ ಅರ್ಧ ಬಂದಿದ್ದಿ."
ತಿಂಗಳು?
"ಎಳ್ಳ ಅಮಾಸಿ ಮುಂದಿತ್ತೋ ಹಿಂದಾಗಿತ್ತೋ.
ಥಂಡಿ ಇತ್ತು, ಅಷ್ಟ ಖರೆ."

ಒಂದು ಶನಿವಾರ ಅರ್ಧ ದಿನದ ಸಾಲೆ ಮುಗಿಸಿ
ವಿದ್ಯುತ್ ಕಚೇರಿಗೆ ಹೋದೆ.
ಬಿಲ್ ತುಂಬೋದಾದರೆ ಆ ಕಿಟಕಿ, ಮೇಡಂ.
ಬಿಲ್ ಅಲ್ಲ. ಸಾಲಿ ಓಣಿಯಲ್ಲಿ ಮೊದಲ ದೀಪ ಹತ್ತಿದ ತಾರೀಖು ಬೇಕು.
ಆತ ನನ್ನನ್ನು ನೋಡಿದ, ನನ್ನ ಹಿಂದಿನವರನ್ನು ನೋಡಿದ.
ಹಳೇ ರಜಿಸ್ಟರು ಹುಬ್ಬಳ್ಳಿಗೆ ಹೋಗಿರಬೇಕು, ಅಥವಾ ಗೆದ್ದಲಿಗೆ.
ಹಿಂದಿದ್ದ ಮುದುಕನೊಬ್ಬ,
"ನಮ್ಮ ಹೋರಿ ಬೆದರಿ ಓಡಿದ್ದು ಅವತ್ತ ನೋಡ್ರಿ" ಎಂದ.
ಯಾವತ್ತು ಎಂದರೆ
"ಅವತ್ತ" ಎಂದ.

ದೀಪ, ಹೋರಿ, ನಾನು.
ಕರಿಹಲಗೆಗೆ ಸರಿಯಾಗಿ ಮೂರು ಸಾಲು.
ಮೇಲೆ ಬರೆಯಲು ತಾರೀಖಿಲ್ಲ.

ಮೊನ್ನೆ ಮೇ ಮೂವತ್ತೊಂದು.
ಜೂನ್ ಒಂದರಂದು ಹುಟ್ಟಿದವರೆಲ್ಲ ಹಿಂದಿನ ದಿನವೇ ನಿವೃತ್ತಿ,
ಸರಕಾರದ ಲೆಕ್ಕ ಹಾಗೆ.
ಬಾದಾಮಿಯ ಅಂಗಡಿಯಲ್ಲಿ ಶಾಲು ಮುಗಿದವಂತೆ;
ಮೊನ್ನವ್ವನಿಗೆ ಹೊದಿಸಿದ್ದನ್ನೇ ಮಡಚಿ
ನನಗೂ ಹೊದಿಸಿದರು, ಫೋಟೋ ತೆಗೆದರು,
ಆಮೇಲೆ ರಜಾಕಸಾಬರಿಗೆ.
ಹುಚ್ಚಪ್ಪ ತನ್ನ ನಿವೃತ್ತಿಯ ಗಂಟೆ ತಾನೇ ಬಾರಿಸಿ ಬಂದು
ಚಪ್ಪಾಳೆಯಲ್ಲಿ ಸೇರಿಕೊಂಡ.

ಬರಗುಂಡಿಯವರ ಹುಡುಗ, ನಾಲ್ಕನೇ ಇಯತ್ತೆ,
ಹುಟ್ಟಿದ್ದು ಬಾಗಲಕೋಟೆಯ ದೊಡ್ಡ ದವಾಖಾನೆಯಲ್ಲಿ,
ಹಲಗೆ ಒರೆಸುತ್ತಿದ್ದ ನನ್ನ ಸೆರಗು ಜಗ್ಗಿದ:
"ಟೀಚರ್, ನಂದು ನವೆಂಬರ್ ಹನ್ನೊಂದು,
ನಸುಕಿನ್ಯಾಗ ಮೂರು ನಲವತ್ತೆರಡಕ್ಕ.
ನಿಮ್ಮದು ಎಷ್ಟಕ್ಕ?"

ಗಂಟೆ ಗೊತ್ತಿಲ್ಲಪ್ಪ. ಲೈಟ್ ಬಂತು ನೋಡು, ಆಗ.

"ಹೋಗಿತ್ತೇನ್ರಿ?"

ಹೂಂ, ಹೋಗಿತ್ತು ಎಂದೆ.
ಭಾಳ ದಿನ.